ಕಲೆ ಇದೆ, ನೋಡಿ ಕೊಳ್ಳಿ

ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಬೀಗ ರಿಪೇರಿಯವನ ಗೂಡಂಗಡಿಗೂ ದರ್ಜಿಯ ಅಂಗಡಿಗೂ ನಡುವೆ, ಹಳೇ ಬಟ್ಟೆ ಮಾರುವ ಅಂಗಡಿಯೊಂದಿತ್ತು. ಅದನ್ನು ನಡೆಸುತ್ತಿದ್ದವರು ಇಬ್ಬರು ವಾರಗಿತ್ತಿಯರು. ಅಣ್ಣನ ಹೆಂಡತಿಯನ್ನು ಗಲ್ಲಿಯವರೆಲ್ಲ ದೊಡ್ಡಮ್ಮ ಎನ್ನುತ್ತಿದ್ದರು, ತಮ್ಮನ ಹೆಂಡತಿಯನ್ನು ಚಿಕ್ಕಮ್ಮ ಎನ್ನುತ್ತಿದ್ದರು. ಅಣ್ಣ ತಮ್ಮ ಇಬ್ಬರೂ ತೀರಿಕೊಂಡು ಬಹಳ ಕಾಲವಾಗಿತ್ತು. ಅವರು ಬದುಕಿದ್ದಾಗ ಈ ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅವರು ಹೋದ ಮೇಲೆ ಒಂದೇ ಒಲೆಯಲ್ಲಿ ಬೇಯಿಸಿಕೊಂಡು, ಒಂದೇ ಅಂಗಡಿಯಲ್ಲಿ ಕೂತು, ದಿನವಿಡೀ ಮಾತಿಗೆ ಮಾತು ಬೆಳೆಸಿಕೊಂಡು ಚೆನ್ನಾಗಿಯೇ ಇದ್ದರು.

ಮಾಲು ಕೊಳ್ಳುವುದು ದೊಡ್ಡಮ್ಮನ ಕೆಲಸ. ರೈಲ್ವೆ ಗೋದಾಮಿನ ಆಚೆ ಹಳೇ ಬಟ್ಟೆಯ ಮೂಟೆ ಇಳಿಯುವ ಮಂಡಿಯಿತ್ತು. ಅಲ್ಲಿಗೆ ಹೋಗಿ, ಬಿಗಿದ ಮೂಟೆಯ ಬಾಯಿ ಒಂದಿಷ್ಟು ಬಿಚ್ಚಿಸಿ, ಮೊಣಕೈವರೆಗೂ ತೋಳು ತೂರಿಸಿ, ಬೆರಳಲ್ಲೇ ಉಣ್ಣೆ ಯಾವುದು, ಅಪ್ಪಟ ಹತ್ತಿ ಯಾವುದು, ಬೆರಕೆ ಯಾವುದು ಎಂದು ಹೇಳಿಬಿಡುತ್ತಿದ್ದಳು. ಆಮೇಲೆ ಒಂದೆರಡು ಬಟ್ಟೆ ಹೊರಗೆಳೆದು ಬೆಳಕಿಗೆ ಹಿಡಿದು ನೋಡಿ ಮೂಟೆ ಬೇಕು ಅಥವಾ ಬೇಡ ಅನ್ನುತ್ತಿದ್ದಳು. ಒಗೆಯುವುದು, ಇಸ್ತ್ರಿ ಹಾಕುವುದು, ಉದುರಿದ ಗುಂಡಿ ಹೊಲಿಯುವುದು, ಅಳತೆ ಪ್ರಕಾರ ಕಂಬಿಗೆ ನೇತುಹಾಕುವುದು, ಇವೆಲ್ಲ ಚಿಕ್ಕಮ್ಮನ ಪಾಲು.

ಎರಡು ಮೂರು ವರ್ಷಗಳಿಂದ ವ್ಯಾಪಾರ ಮಂಕಾಗಿತ್ತು. ಹಿಂದಿನ ಕೋಣೆಯಲ್ಲಿ ಹೋಗದ ಮಾಲು ಗುಡ್ಡೆಯಾಗುತ್ತಾ ಬಂತು. ಮೊದಮೊದಲು ಮೂಲೆಯಲ್ಲಿ ಒಂದು ಚೀಲವಿತ್ತು. ನಂತರ ಒಂದು ಗೋಡೆ ಮುಚ್ಚಿತು, ಆಮೇಲೆ ಇನ್ನೊಂದು. ಕೊನೆಗೆ ಒಳಗೆ ಹೋಗಬೇಕೆಂದರೆ ಅಡ್ಡಡ್ಡ ನುಸುಳಬೇಕಾಯಿತು.

"ಈಗಿನವರಿಗೆಲ್ಲ ಹೊಸದೇ ಬೇಕು. ಫೋನಲ್ಲಿ ಬೆರಳಾಡಿಸಿದ್ರೆ ಬಾಗಿಲಿಗೇ ಬಂದು ಬೀಳತ್ತೆ. ನಮ್ಮದನ್ನ ಯಾರು ಮೂಸಿ ನೋಡ್ತಾರೆ?" ಎಂದು ದೊಡ್ಡಮ್ಮ ಕಾಲವನ್ನು ಬೈಯುತ್ತಿದ್ದಳು.

ಚಿಕ್ಕಮ್ಮ ಇಸ್ತ್ರಿ ಪೆಟ್ಟಿಗೆ ಮೇಲೆ ಕಣ್ಣಿಟ್ಟು, "ಹೂಂ ಅಕ್ಕ," ಅನ್ನುತ್ತಿದ್ದಳು.

ಹೀಗಿರುವಾಗ ಒಂದು ದಿನ ಚಿಕ್ಕಮ್ಮನಿಗೆ ಕಣ್ಣು ನೋವು ಶುರುವಾಯಿತು. ಬೆಳಗ್ಗೆಯಿಂದ ಸೆರಗಿನ ತುದಿಯಲ್ಲಿ ಕಣ್ಣೊತ್ತಿಕೊಂಡೇ ಓಡಾಡಿದಳು. "ಒಬ್ಬಳೇ ಆಸ್ಪತ್ರೆಗೆ ಹೋಗೋಕೆ ಭಯ ಆಗತ್ತೆ ಅಕ್ಕ, ನೀವೂ ಬನ್ನಿ," ಎಂದಳು. ದೊಡ್ಡಮ್ಮ ಗೊಣಗುತ್ತಲೇ ಬಾಗಿಲೆಳೆದು ಹೊರಟಳು. ಕಣ್ಣಾಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಇಬ್ಬರೂ ಕೂತರು. ಸರದಿ ಬಂದಾಗ ನರ್ಸು ಕೂಗಿದ್ದು ದೊಡ್ಡಮ್ಮನನ್ನು.

"ನಾನಲ್ಲಮ್ಮ, ಇವಳು," ಎಂದಳು ದೊಡ್ಡಮ್ಮ.

"ಚೀಟಿಯಲ್ಲಿ ನಿಮ್ಮ ಹೆಸರೇ ಇದೆ."

ದೊಡ್ಡಮ್ಮ ಪಕ್ಕಕ್ಕೆ ತಿರುಗಿದಳು. ಚಿಕ್ಕಮ್ಮ ಗೋಡೆಯ ಮೇಲಿನ ಕಣ್ಣಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. "ಬಂದಿದ್ದಂತೂ ಬಂದಿದ್ದೀರ. ಒಂದ್ಸಲ ತೋರಿಸ್ಕೊಂಡು ಬಿಡಿ. ಅಷ್ಟು ಜನರ ಮುಂದೆ ನನ್ನ ಮಾನ ಯಾಕೆ ಕಳೀತೀರ," ಎಂದಳು.

ಡಾಕ್ಟರು ದೀಪ ಬಿಟ್ಟು ನೋಡಿ, ಎರಡೂ ಕಣ್ಣಿಗೆ ಚೆನ್ನಾಗಿ ಬಲಿತ ಪೊರೆ ಬಂದಿದೆ, ಇಷ್ಟು ದಿನ ಹೇಗೆ ಅಂಗಡಿ ನಡೆಸಿದಿರಿ ಎಂದು ಕೇಳಿದರು. ದೊಡ್ಡಮ್ಮನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ವಯಸ್ಸಾದ ಮೇಲೆ ಎಲ್ಲರಿಗೂ ಲೋಕ ಹೀಗೇ ಚಹಾ ಸೋಸಿದ ಬಟ್ಟೆಯ ಬಣ್ಣದಲ್ಲಿ ಕಾಣುತ್ತದೆ ಎಂದೇ ಅವಳು ತಿಳಿದಿದ್ದಳು.

ಮೊದಲು ಒಂದು ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ಎದುರಿಗಿದ್ದ ನರ್ಸಿನ ಬಟ್ಟೆ ಆಗತಾನೇ ಸುಣ್ಣ ಹೊಡೆದ ಗೋಡೆಯ ಹಾಗೆ ಬೆಳ್ಳಗಿತ್ತು. ಬಿಳಿ ಅಂದರೆ ಇಷ್ಟು ಬಿಳಿ ಎಂಬುದೇ ಅವಳಿಗೆ ಮರೆತುಹೋಗಿತ್ತು. ನರ್ಸಿನ ಹಿಂದೆ ನಿಂತಿದ್ದ ಚಿಕ್ಕಮ್ಮನನ್ನು ಮೇಲಿಂದ ಕೆಳಗೆ ನೋಡಿದಳು.

"ನಿನಗ್ಯಾವಾಗ ಇಷ್ಟೊಂದು ನರೆ ಬಂತೇ?"

"ನಿಮಗೆ ಬಂದಾಗಲೇ. ನಂಬಿಕೆ ಇಲ್ಲಾಂದ್ರೆ ಕನ್ನಡಿ ತಂದ್ಕೊಡ್ತೀನಿ."

ಎರಡನೇ ಕಣ್ಣೂ ಆಯಿತು. ಧೂಳಿಗೆ ಹೋಗಬಾರದು, ತಲೆ ಬಗ್ಗಿಸಬಾರದು, ಹೊತ್ತು ಹೊತ್ತಿಗೆ ಡ್ರಾಪ್ಸ್ ಬಿಡಬೇಕು ಎಂದೆಲ್ಲ ಕಟ್ಟಪ್ಪಣೆಯಿತ್ತು. ಅಷ್ಟು ದಿನವೂ ಚಿಕ್ಕಮ್ಮ ಅಂಗಡಿಯನ್ನೂ ನೋಡಿಕೊಂಡು, ನಡುನಡುವೆ ಮನೆಗೆ ಓಡಿ ಬಂದು ಕಣ್ಣಿಗೆ ಮದ್ದು ಬಿಟ್ಟು, ಮತ್ತೆ ಓಡಿದಳು. ಅಡುಗೆ ಉಪ್ಪಾಯಿತು, ಖಾರವಾಯಿತು ಎಂದು ದೊಡ್ಡಮ್ಮ ಮಲಗಿದಲ್ಲಿಂದಲೇ ತಕರಾರು ತೆಗೆದಳು. ಚಿಕ್ಕಮ್ಮ ಅದನ್ನೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು.

ಡಾಕ್ಟರ ಅಪ್ಪಣೆ ಸಿಕ್ಕಿದ ಮರುದಿನವೇ ದೊಡ್ಡಮ್ಮ ಕಪ್ಪು ಕನ್ನಡಕ ಏರಿಸಿಕೊಂಡು ಅಂಗಡಿಗೆ ಬಂದಳು. ಒಳಗೆ ನಿಂತು ಕನ್ನಡಕ ತೆಗೆದಳು. ಕಂಬಿಯ ಮೇಲೆ ಬಟ್ಟೆಗಳು ಸಾಲಾಗಿ, ಚೊಕ್ಕಟವಾಗಿ ತೂಗುತ್ತಿದ್ದವು. ನೀಲಿ ನೀಲಿಯಾಗಿ, ಕೆಂಪು ಕೆಂಪಾಗಿ ಕಂಡು ಅವಳಿಗೆ ಮನಸ್ಸು ತುಂಬಿತು. ಒಂದೊಂದನ್ನೇ ಮುಟ್ಟಿ ನೋಡುತ್ತಾ ಹೋಗಿ, ಅದೇ ಹುರುಪಿನಲ್ಲಿ ಹಿಂದಿನ ಕೋಣೆಯ ಬಾಗಿಲು ತಳ್ಳಿ ಲೈಟು ಹಾಕಿದಳು.

ಗುಡ್ಡೆಯ ಮೇಲಿದ್ದ ಮೊದಲ ಅಂಗಿಯನ್ನು ಎತ್ತಿದಳು. ಬಿಳಿ ಅಂಗಿ, ಒಳ್ಳೆಯ ದಪ್ಪ ಹತ್ತಿ. ಕತ್ತುಪಟ್ಟಿಯ ಸುತ್ತ ಬೆವರಿನ ಹಳದಿ ಕಲೆ ಗೆರೆ ಎಳೆದಂತೆ ಕೂತಿತ್ತು. ಅದನ್ನು ಬದಿಗಿಟ್ಟು ಇನ್ನೊಂದನ್ನು ಎತ್ತಿದಳು. ಉಣ್ಣೆಯ ಸ್ವೆಟರಿನ ಮೊಣಕೈ ಹತ್ತಿರ ನುಸಿ ತಿಂದ ತೂತುಗಳಿದ್ದವು. ಹಸಿರು ಫ್ರಾಕೊಂದರ ಬೆನ್ನು ಬಿಸಿಲಿಗೆ ಬೆಳ್ಳಗಾಗಿ, ಮುಂಭಾಗ ಮಾತ್ರ ಹಸಿರಾಗಿ ಉಳಿದಿತ್ತು. ಕೋಟಿನ ಎದೆಯ ಮೇಲೆ ಎಣ್ಣೆ ಚೆಲ್ಲಿತ್ತು. ಕೆಳಗೆ ಕೆಳಗೆ ಎಳೆದಷ್ಟೂ ಹೀಗೇ. ಎಲ್ಲವೂ ಅವಳೇ ಮಂಡಿಗೆ ಹೋಗಿ, ಬೆಳಕಿಗೆ ಹಿಡಿದು ನೋಡಿ, ಆರಿಸಿ ತಂದ ಮಾಲು.

ಬಾಗಿಲಲ್ಲಿ ಚಿಕ್ಕಮ್ಮ ಬಂದು ನಿಂತಿದ್ದಳು.

"ಇದನ್ನೆಲ್ಲ ಇಲ್ಲಿ ತಂದು ಹಾಕಿದ್ದು ಯಾರು?" ದೊಡ್ಡಮ್ಮ ಮೆಲ್ಲಗೆ ಕೇಳಿದಳು.

"ನಾನೇ."

"ಹೋಗದ ಮಾಲು ಅಂತಿದ್ದೆಯಲ್ಲ ನೀನು."

"ಹೋಗತ್ತಾ ಅಂತ ನೋಡೋಕೆ ಹೊರಗೆ ಹಾಕಿದ್ರೆ ತಾನೆ ಅಕ್ಕ. ಮೂಟೆ ಬಿಚ್ಚಿದ ತಕ್ಷಣ ಆರಿಸಿ ಇಲ್ಲಿ ತಳ್ಳಿಬಿಡ್ತಿದ್ದೆ. ತಿಕ್ಕಿದ್ರೆ ಹೋಗೋದನ್ನ ತಿಕ್ಕಿ, ಹೊಲಿದ್ರೆ ಸರಿಹೋಗೋದನ್ನ ಹೊಲಿದು ಕಂಬಿಗೆ ಹಾಕ್ತಿದ್ದೆ. ಉಳಿದಿದ್ದು ಇದು."

"ಒಂದು ಮಾತು ಹೇಳಬಾರದಿತ್ತಾ ನನಗೆ?"

ಚಿಕ್ಕಮ್ಮ ಕೆಳಗೆ ಬಿದ್ದಿದ್ದ ಸ್ವೆಟರನ್ನು ಎತ್ತಿ ಮಡಿಸಿದಳು. "ಹೇಳಿದ್ದೆ. ಆ ಬೂದು ಜಾಕೀಟು ತಂದ ದಿನ. ಜೇಬಿನ ಹತ್ತಿರ ಕಲೆ ಇದೆ ಅಂದೆ. ನನ್ನ ಕಣ್ಣಿಗೆ ಕಾಣದ ಕಲೆ ನಿನ್ನ ಕಣ್ಣಿಗೆ ಕಾಣ್ತಾ ಅಂದ್ರಿ. ಎರಡು ದಿನ ಮಾತಾಡಲಿಲ್ಲ ನೀವು."

ದೊಡ್ಡಮ್ಮನಿಗೆ ಆ ಜಾಕೀಟು ನೆನಪಾಯಿತು, ತಾನಾಡಿದ ಮಾತೂ ನೆನಪಾಯಿತು. ಬಟ್ಟೆಯ ಗುಡ್ಡೆಯ ಮೇಲೆಯೇ ಕೂತಳು. "ಇಷ್ಟು ಕೆಟ್ಟುಹೋಗಿತ್ತಾ ನನ್ನ ಕೈಗುಣ," ಎಂದಳು.

"ಕೈ ಕೆಟ್ಟಿರಲಿಲ್ಲ. ಯಾವುದನ್ನ ಬೇಕಾದ್ರೂ ಮುಟ್ಟಿ ನೋಡಿ, ಒಂದಾದ್ರೂ ಕಳಪೆ ಬಟ್ಟೆ ಇದೆಯಾ? ಕೈ ಮಾಡೋ ಕೆಲಸ ಕೈ ಮಾಡಿದೆ. ಕಣ್ಣು ಮಾಡಬೇಕಾಗಿದ್ದು ಆಗಿಲ್ಲ, ಅಷ್ಟೇ."

ದೊಡ್ಡಮ್ಮನಿಗೆ ಸಮಾಧಾನವಾಗಲಿಲ್ಲ. ಕಸದ ಗಾಡಿಯವನನ್ನು ಕರೆದು ಇವತ್ತೇ ಎಲ್ಲವನ್ನೂ ಹೇರಿಸಿ ಕಳಿಸಿಬಿಡು ಎಂದು ಹಟ ಹಿಡಿದಳು. ಆ ಗುಡ್ಡೆಯನ್ನು ಇನ್ನೊಂದು ಕ್ಷಣ ನೋಡುವುದೂ ಅವಳಿಂದ ಆಗುತ್ತಿರಲಿಲ್ಲ. ಚಿಕ್ಕಮ್ಮ ಬಾಗಿಲಿಗೆ ಅಡ್ಡ ನಿಂತಳು. "ಬಟ್ಟೆ ಏನು ತಪ್ಪು ಮಾಡಿದೆ? ಉಣ್ಣೆ ಸ್ವೆಟರು ಅಕ್ಕ ಇದು. ತೂತಿದ್ರೂ ಬೆಚ್ಚಗಿರೋದು ಬಿಡತ್ತಾ?" ಎಂದಳು. ಇಬ್ಬರಿಗೂ ದೊಡ್ಡ ವಾಗ್ವಾದವಾಯಿತು. ಕೊನೆಗೆ ದೊಡ್ಡಮ್ಮ ಒಂದು ಷರತ್ತಿನ ಮೇಲೆ ಒಪ್ಪಿದಳು. ಎಲ್ಲವನ್ನೂ ಗಲ್ಲಿಯಲ್ಲಿ ಮೇಜು ಹಾಕಿ ಸಿಕ್ಕಿದ ಬೆಲೆಗೆ ಕೊಟ್ಟುಬಿಡುವುದು. ಆದರೆ ಒಂದೊಂದು ಬಟ್ಟೆಯ ಕಲೆ, ತೂತು, ಬಣ್ಣಗೇಡಿಗೂ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯುವುದು. "ಇನ್ಮೇಲೆ ಯಾರೂ ಮನೆಗೆ ಹೋಗಿ ಬಿಚ್ಚಿ ನೋಡಿ ನನ್ನನ್ನ ಬೈಕೋಬಾರದು."

ಪಕ್ಕದ ದರ್ಜಿ ಸೀಮೆಸುಣ್ಣ ಕೊಟ್ಟ, ಬಟ್ಟೆ ಕತ್ತರಿಸುವ ತನ್ನ ಹಳೇ ಮೇಜನ್ನೂ ಕೊಟ್ಟ. ಇಬ್ಬರೂ ಕೂತು ಗೆರೆ ಎಳೆದರು. ಕಲೆ ಹುಡುಕುವುದರಲ್ಲಿ ದೊಡ್ಡಮ್ಮನಿಗೆ ಈಗ ಯಾರೂ ಸಾಟಿಯಿರಲಿಲ್ಲ. ಸೂಜಿಮೊನೆಯಷ್ಟು ಶಾಯಿ ಬಿದ್ದಿದ್ದರೂ ಸುತ್ತ ರೊಟ್ಟಿಯಷ್ಟು ದೊಡ್ಡ ವೃತ್ತ ಬರೆಯುತ್ತಿದ್ದಳು. "ಅಕ್ಕ, ಅದು ಡಿಸೈನು," ಎಂದು ಚಿಕ್ಕಮ್ಮ ಎಷ್ಟೋ ಸಲ ಒರೆಸಿ ಹಾಕಬೇಕಾಯಿತು.

ಮರುದಿನ ಬೆಳಗ್ಗೆ ಮೇಜು ಗಲ್ಲಿಗೆ ಬಂತು. ರಟ್ಟಿನ ಮೇಲೆ ದೊಡ್ಡಮ್ಮ ತಾನೇ ದಪ್ಪ ಅಕ್ಷರದಲ್ಲಿ ಬೋರ್ಡು ಬರೆದಿದ್ದಳು: "ಕಲೆ ಇದೆ, ನೋಡಿ ಕೊಳ್ಳಿ."

ಮೊದಲು ಬಂದವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಕೊಡೆ ಮಡಿಸಿ, ಬೋರ್ಡನ್ನು ಎರಡೆರಡು ಸಲ ಓದಿ, ಗಂಭೀರವಾಗಿ ಕೇಳಿದರು: "ಯಾವ ಕಲೆಯಮ್ಮ? ಚಿತ್ರಕಲೆಯೋ ಶಿಲ್ಪಕಲೆಯೋ?"

"ಚಹಾದ ಕಲೆ, ಎಣ್ಣೆ ಕಲೆ, ಶಾಯಿ ಕಲೆ. ನಿಮಗೆ ಯಾವುದು ಬೇಕು ಮೇಷ್ಟ್ರೇ?" ಎಂದಳು ಚಿಕ್ಕಮ್ಮ.

ಮೇಷ್ಟ್ರು ನಕ್ಕ ನಗುವಿಗೆ ಬೀಗದವನು ಗೂಡಿನಿಂದ ತಲೆ ಹೊರಹಾಕಿದ. ಅವರು ಮನೆಯಲ್ಲಿ ಮಕ್ಕಳಿಗೆ ಚಿತ್ರ ಬಿಡಿಸುವುದನ್ನು ಹೇಳಿಕೊಡುತ್ತಿದ್ದರು. ದೊಡ್ಡ ದೊಡ್ಡ ಬಿಳಿ ಅಂಗಿಗಳನ್ನೆಲ್ಲ ಒಂದು ಕಡೆ ಮಾಡಿದರು. "ಬಣ್ಣ ಚೆಲ್ಲಿಕೊಂಡು ಬಂದರು ಅಂತ ದಿನಾ ತಾಯಂದಿರ ದೂರು. ಇವನ್ನ ಮೇಲೆ ಹಾಕಿ ಕೂರಿಸಿಬಿಡ್ತೀನಿ. ಈಗಾಗಲೇ ಕಲೆ ಇದೆಯಲ್ಲ, ಯಾರೂ ಏನೂ ಅನ್ನೋ ಹಾಗಿಲ್ಲ," ಎಂದು ತೋಳತುಂಬ ಹೊತ್ತುಕೊಂಡು ಹೋದರು.

ಆಮೇಲೆ ಜನ ಸೇರಿದರು. ಗೆರೆ ಎಳೆದ ಬಟ್ಟೆಗಳನ್ನು ನೋಡುವುದೇ ಅವರಿಗೆ ತಮಾಷೆಯಾಯಿತು. ಕಾಲೇಜಿನ ಹುಡುಗಿಯರು ತಮ್ಮ ಕೈಗೆ ಸಿಕ್ಕಿದ ಬಟ್ಟೆಯ ಮೇಲಿನ ಕಲೆ ಯಾವ ತಿಂಡಿಯದು ಎಂದು ಪಂದ್ಯ ಕಟ್ಟಿದರು. ಎದೆಯ ಮೇಲೆ ಎಣ್ಣೆ ಚೆಲ್ಲಿದ ಕೋಟನ್ನು ಕೊಂಡವಳೊಬ್ಬಳು, ಅಲ್ಲೊಂದು ಬಟ್ಟೆಯ ಹೂ ಹೊಲಿದರೆ ಮುಗಿಯಿತು ಎಂದು ದರ್ಜಿಯ ಅಂಗಡಿಗೇ ನಡೆದಳು. ತೀರಾ ಹರಿದವನ್ನು ಗ್ಯಾರೇಜಿನವನು ಕೈಯೊರೆಸಲು ಒಯ್ದ.

ದೊಡ್ಡಮ್ಮ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಅವಳ ಮನಸ್ಸಿನಲ್ಲಿ ಒಂದು ಮುಳ್ಳು ಆಡುತ್ತಲೇ ಇತ್ತು. ಚಿಕ್ಕಮ್ಮ ಎಷ್ಟೇ ಆರಿಸಿ ತೆಗೆದರೂ, ಅವಳು ನೋಡುವ ಮೊದಲೇ ಮೂಟೆಯಿಂದ ತೆಗೆದು ತಾನೇ ಕೈಯಾರೆ ಕೊಟ್ಟು ಕಳಿಸಿದ್ದು ಕಡಿಮೆಯೇನಿರಲಿಲ್ಲ. ಕೊಂಡು ಹೋದವರೆಲ್ಲ ಏನೆಂದುಕೊಂಡಿರಬೇಕು?

ಮಧ್ಯಾಹ್ನದ ಹೊತ್ತಿಗೆ ಬಸ್ ಡ್ರೈವರ್ ಬಂದ. ಅಂಗಡಿಯ ಹಳೇ ಗಿರಾಕಿ, ಮಾತು ಕಡಿಮೆಯ ಮನುಷ್ಯ. ಹಿಂದಿನ ವರ್ಷ ಮಗಳ ಮದುವೆಗೆಂದು ಅವನಿಗೆ ಒಂದು ಜೊತೆ ಸೂಟು ಹೊಂದಿಸಿಕೊಟ್ಟಿದ್ದಳು ದೊಡ್ಡಮ್ಮ. ಕರಿ ಕೋಟು, ಕರಿ ಪ್ಯಾಂಟು. ಇವತ್ತು ಅದೇ ಕೋಟು ಪ್ಯಾಂಟಿನಲ್ಲಿ ಯಾರದೋ ಸಮಾರಂಭಕ್ಕೆ ಹೊರಟಿದ್ದ. ಬಿಸಿಲಲ್ಲಿ ನಿಂತಿದ್ದ ಅವನನ್ನು ದೊಡ್ಡಮ್ಮ ಕಪ್ಪು ಕನ್ನಡಕ ತೆಗೆದು ನೋಡಿದಳು. ಕೋಟು ಕಪ್ಪಾಗಿಯೇ ಇತ್ತು, ಪ್ಯಾಂಟು ಮಾತ್ರ ಕಡುನೀಲಿ.

"ಅಯ್ಯೋ ಅಪ್ಪಾ, ಇದನ್ನೇ ಹಾಕ್ಕೊಂಡು ಮಗಳ ಮದುವೆ ಮಾಡಿದ್ಯಾ?"

ಅವನು ತನ್ನ ಕಾಲಿನ ಕಡೆ ನೋಡಿಕೊಂಡ. "ಹೌದಮ್ಮ. ಮನೆಗೆ ಹೋದ ಮೇಲೆ ಹೆಂಡತಿ ಹೇಳಿದ್ಲು, ಎರಡೂ ಬೇರೆ ಬೇರೆ ಅಂತ."

"ವಾಪಸ್ ತರೋದಲ್ವಾ? ಬದಲಾಯಿಸಿ ಕೊಡ್ತಿರಲಿಲ್ವಾ ನಾನು?"

"ತರೋಣ ಅಂತ್ಲೇ ಹೊರಟಿದ್ದೆ. ಆಮೇಲೆ ಮನಸ್ಸು ಬರಲಿಲ್ಲ. ನೀವು ಅವತ್ತು ಅರ್ಧ ದಿನ ಕೂತು ಹೊಂದಿಸಿದ್ರಿ. ಭುಜ ಸರಿಯಾಗಿ ಕೂರಲಿ ಅಂತ ಮೂರ್ನಾಲ್ಕು ಕೋಟು ಹಾಕಿಸಿ ಬಿಚ್ಚಿಸಿದ್ರಿ. ಕೈಯಲ್ಲಿ ಸವರಿ ಸವರಿ ನೋಡ್ತಿದ್ರಿ. ಅವಾಗಲೇ ಅನ್ನಿಸ್ತು, ಅಮ್ಮನಿಗೆ ಕಣ್ಣು ಕಾಣ್ತಿಲ್ಲ ಅಂತ." ಕೋಟಿನ ಭುಜ ಸವರಿಕೊಂಡು ಹೇಳಿದ, "ಕೂತಿದ್ದಂತೂ ಅಳತೆ ತೆಗೆದು ಹೊಲಿಸಿದ ಹಾಗೆ ಕೂತಿತ್ತು. ಬೀಗರು ಎಲ್ಲಿ ಹೊಲಿಸಿದ್ದು ಅಂತ ಕೇಳಿದ್ರು."

ದೊಡ್ಡಮ್ಮ ಎದ್ದು ಕಂಬಿಯಿಂದ ಸರಿಯಾದ ಕರಿ ಪ್ಯಾಂಟೊಂದನ್ನು ತೆಗೆದು, ಬಾಗಿಲ ಬೆಳಕಿಗೆ ತಂದು, ಅವನ ಕೋಟಿನ ಪಕ್ಕ ಹಿಡಿದು ಹೊಂದಿಸಿ ನೋಡಿದಳು. ದುಡ್ಡು ಬೇಡ, ತಗೋ ಎಂದಳು. ಅವನು ಒಪ್ಪಲಿಲ್ಲ. ಮದುವೆಯ ಫೋಟೋದಲ್ಲಿ ಇದೇ ಇದೆ, ಮಗಳಿಗೆ ಇದೇ ಇಷ್ಟ ಎಂದ. ಕೊನೆಗೆ ಬಲವಂತಕ್ಕೆ ಪ್ಯಾಂಟನ್ನು ಕಂಕುಳಲ್ಲಿಟ್ಟುಕೊಂಡ, ಮೇಜಿನಿಂದ ನುಸಿ ತಿಂದ ಸ್ವೆಟರೊಂದನ್ನೂ ಆರಿಸಿಕೊಂಡು ಅದಕ್ಕೆ ದುಡ್ಡು ಇಟ್ಟೇ ಹೋದ.

ಅವನು ಹೋದ ಮೇಲೆ ದರ್ಜಿ ಕತ್ತರಿ ಕೆಳಗಿಟ್ಟು ತನ್ನ ಅಂಗಡಿಯ ಬಾಗಿಲಿಗೆ ಬಂದ. "ಅವನೊಬ್ಬನೇ ಅಲ್ಲ ದೊಡ್ಡಮ್ಮ. ನಿಮ್ಮಲ್ಲಿ ಕೊಂಡು ಸೀದಾ ನನ್ನ ಹತ್ರ ಬರ್ತಿದ್ದೋರು ಬಹಳ ಜನ. ಇಲ್ಲೊಂದು ತೇಪೆ ಹಾಕಿ, ಅಲ್ಲೊಂದು ಜೇಬು ಇಡಿ, ಕಲೆ ಮುಚ್ಚಲಿ ಅಂತ. ದೊಡ್ಡಮ್ಮನಿಗೆ ಹೇಳಬೇಡಿ, ನೊಂದ್ಕೋತಾರೆ ಅಂತಿದ್ರು. ನನಗಂತೂ ನಿಮ್ಮ ಕಣ್ಣಿಂದ ಒಳ್ಳೇ ವ್ಯಾಪಾರ ಆಯ್ತು. ಆಪರೇಷನ್ ಮಾಡಿಸಿ ನನ್ನ ಹೊಟ್ಟೆ ಮೇಲೆ ಹೊಡೆದ್ರಿ."

ದೊಡ್ಡಮ್ಮ ನಗಲು ಹೋದಳು, ಆಗಲಿಲ್ಲ. ಕಣ್ಣು ಉಜ್ಜಬಾರದು ಎಂದು ಡಾಕ್ಟರು ಹೇಳಿದ್ದರಿಂದ ನೀರು ಹಾಗೇ ಕೆನ್ನೆಯ ಮೇಲೆ ಇಳಿಯಿತು. ಇಷ್ಟು ಜನಕ್ಕೆ ಗೊತ್ತಿತ್ತು. ಒಬ್ಬರಾದರೂ ಗಿರಾಕಿಗಳ ಮುಂದೆ ಬಟ್ಟೆ ಎಸೆದು ಜಗಳ ತೆಗೆಯಬಹುದಿತ್ತು, ಮಾರುಕಟ್ಟೆಯಲ್ಲಿ ಆಡಿಕೊಂಡು ನಗಬಹುದಿತ್ತು. ಎಲ್ಲರೂ ಹೊಟ್ಟೆಗೆ ಹಾಕಿಕೊಂಡರು. ಹಾಕಿಕೊಂಡು ಮತ್ತೆ ಅವಳ ಅಂಗಡಿಗೇ ಬಂದರು.

ಆ ವಾರ ಮುಗಿಯುವಷ್ಟರಲ್ಲಿ ಕೋಣೆ ಖಾಲಿಯಾಯಿತು. ಕೊನೆಯ ಚೀಲ ಎಳೆದಾಗ ಹಿಂದಿನ ಗೋಡೆಯಲ್ಲಿ ಕಿಟಕಿಯೊಂದು ಕಾಣಿಸಿತು. ಅಲ್ಲಿ ಕಿಟಕಿ ಇದ್ದದ್ದು ಇಬ್ಬರಿಗೂ ಮರೆತೇ ಹೋಗಿತ್ತು. ಚಿಕ್ಕಮ್ಮ ಜೇಡರ ಬಲೆ ಗುಡಿಸಿ, ತುಕ್ಕು ಹಿಡಿದ ಚಿಲಕವನ್ನು ಸುತ್ತಿಗೆಯಿಂದ ತಟ್ಟಿ ತೆಗೆದಳು. ಹಿಂದಿನ ಮನೆಯ ಅಂಗಳ, ಅಲ್ಲಿ ಒಣಹಾಕಿದ ಹಾಸಿಗೆ ಬಟ್ಟೆ, ಒಂದು ಬೆಕ್ಕು ಕಾಣಿಸಿದವು. ಬೆಳಕು ನೆಲದ ಮೇಲೆ ಅಗಲವಾಗಿ ಬಿತ್ತು. ಹೊಲಿಗೆ ಮಾಡಲು ಇಂಥ ಬೆಳಕು ಅಂಗಡಿಯ ಮುಂಭಾಗದಲ್ಲಿ ಎಲ್ಲೂ ಇರಲಿಲ್ಲ.

"ನಿನ್ನ ಹೊಲಿಗೆ ಮಿಷನ್ನು ಇಲ್ಲಿಗೆ ತಂದಿಡೋಣ," ಎಂದಳು ದೊಡ್ಡಮ್ಮ. "ಅಲ್ಲಿ ಕತ್ತಲೆಯಲ್ಲಿ ಕೂತು ಹೊಲಿದು ಹೊಲಿದು ನಿನ್ನ ಕಣ್ಣೂ ಹೋದ್ರೆ ಅಂಗಡಿ ಮುಚ್ಚಬೇಕಾಗತ್ತೆ."

ಇಬ್ಬರೂ ಸೇರಿ ಮಿಷನ್ನು ತಳ್ಳಿಕೊಂಡು ಬಂದು ಕಿಟಕಿಯ ಕೆಳಗೆ ಇಟ್ಟರು. ಚಿಕ್ಕಮ್ಮ ಕೂತು, ಬರಿದೇ ಒಂದೆರಡು ಸಲ ಚಕ್ರ ತಿರುಗಿಸಿದಳು. ದೊಡ್ಡಮ್ಮ ಹಿಂದೆ ನಿಂತಿದ್ದಳು. ಅವಳಿಗೆ ಏನೋ ಹೇಳಬೇಕಿತ್ತು. ಎಷ್ಟೋ ದಿನದಿಂದ ಬಾಯಿಗೆ ಬಂದು ಬಂದು ಹಿಂದೆ ಹೋಗುತ್ತಿತ್ತು.

"ನೋಡು," ಎಂದಳು. "ನೀನಿಲ್ಲದಿದ್ರೆ ನಾನು ಯಾವತ್ತೋ ಬೀದಿಗೆ ಬಂದಿರ್ತಿದ್ದೆ."

"ಇರೋದೇ ಬೀದಿಯಲ್ಲಲ್ವಾ ಅಕ್ಕ ಅಂಗಡಿ," ಎಂದಳು ಚಿಕ್ಕಮ್ಮ ತಿರುಗದೆ. ಆಮೇಲೆ ಮೂಗೆಳೆದುಕೊಂಡು ಹೇಳಿದಳು: "ನನ್ನವರು ಹೋದಾಗ ತವರಿನವರೂ ಬಾ ಅನ್ನಲಿಲ್ಲ. ನೀವು ಗಾಡಿ ಮಾಡಿಕೊಂಡು ಬಂದು, ಪಾತ್ರೆ ಪಡಗ ಹೇರಿಸಿ, ಏಳು ಹೋಗೋಣ ಅಂದ್ರಿ. ಅದನ್ನ ನಾನೇನು ಹೇಳ್ಕೊಂಡು ತಿರುಗಿದ್ದೀನಾ?"

ಆ ಮಾತು ಅಲ್ಲಿಗೇ ನಿಂತಿತು.

ಮುಂದಿನ ಸೋಮವಾರ ಹೊಸ ಮಾಲಿಗೆಂದು ದೊಡ್ಡಮ್ಮ ಮಂಡಿಗೆ ಹೊರಟಾಗ, ಚಪ್ಪಲಿ ಮೆಟ್ಟುತ್ತಾ, "ನೀನೂ ನಡಿ," ಎಂದಳು. ಚಿಕ್ಕಮ್ಮ ಆ ಮಂಡಿಯನ್ನು ನೋಡಿಯೇ ಇರಲಿಲ್ಲ. ಅಂಗಡಿಯನ್ನು ದರ್ಜಿಗೆ ಒಪ್ಪಿಸಿ ಇಬ್ಬರೂ ಹೋದರು.

ಮಂಡಿಯವನು ಕುರ್ಚಿ ಹಾಕಿಸಿದ, ಆರೋಗ್ಯ ವಿಚಾರಿಸಿದ. ಎಂದಿನ ಹಾಗೆ ಒಳಗಿನಿಂದ ಒಂದು ಮೂಟೆ ಉರುಳಿಸಿಕೊಂಡು ಬಂದು, "ನಿಮಗೇ ಅಂತ ತೆಗೆದಿಟ್ಟಿದ್ದೆ ದೊಡ್ಡಮ್ಮ, ಒಳ್ಳೇ ಮಾಲು," ಎಂದ. ದೊಡ್ಡಮ್ಮ ಬಾಯಿ ಬಿಚ್ಚಿಸಿ ತೋಳು ತೂರಿಸಿದಳು. ಬಟ್ಟೆ ಒಳ್ಳೆಯದೇ. ಒಂದನ್ನು ಹೊರಗೆಳೆದಳು, ಕಪ್ಪು ಕನ್ನಡಕ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಳಕಿಗೆ ಹಿಡಿದಳು. ಮತ್ತೊಂದು. ಇನ್ನೊಂದು. ಮೂರನ್ನೂ ಮಂಡಿಯವನ ಮುಂದೆ ಹಾಸಿದಳು. ತುಕ್ಕು, ಬೂಷ್ಟು, ಸುಟ್ಟ ಗುರುತು. ಅವನ ಮುಖ ಸಣ್ಣಗಾಯಿತು. ಎಷ್ಟು ವರ್ಷದಿಂದ ಇಂಥ ಮಾಲನ್ನೇ ಅವಳಿಗೇ ಅಂತ ತೆಗೆದಿಡುತ್ತಿದ್ದನೋ, ಅದು ವಾರಗಿತ್ತಿಯರಿಬ್ಬರಿಗೂ ಒಂದೇ ಸಲಕ್ಕೆ ಗೊತ್ತಾಯಿತು.

ಚಿಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗಳಕ್ಕೆ ಸಿದ್ಧಳಾದಳು. ದೊಡ್ಡಮ್ಮ ಅವಳ ಕೈ ಹಿಡಿದು ತಡೆದಳು. ಒಂದು ತಿಂಗಳ ಹಿಂದಾಗಿದ್ದರೆ ಅವಳೇ ಮಂಡಿ ಹಾರಿಹೋಗುವ ಹಾಗೆ ಕೂಗಾಡುತ್ತಿದ್ದಳು. ಈಗ ಡ್ರೈವರ್, ದರ್ಜಿ, ಇನ್ನೂ ಯಾರ್ಯಾರೋ ನೆನಪಿಗೆ ಬಂದು ಕೂಗುವ ಮನಸ್ಸೇ ಆಗಲಿಲ್ಲ.

"ಇದನ್ನ ಕಟ್ಟಿಡು," ಎಂದಳು. "ಬೇರೆ ಬಿಚ್ಚು. ಈ ಸಲ ನನ್ನ ವಾರಗಿತ್ತಿ ಆರಿಸ್ತಾಳೆ."

ಮಂಡಿಯವನು ಒಳಗೆ ಹೋಗಿ ಬೇರೆ ಮೂಟೆಗಳನ್ನು ತಂದ. ಚಿಕ್ಕಮ್ಮ ಮೊದಲು ಹಿಂಜರಿದಳು, ಆಮೇಲೆ ಮೊಣಕೈವರೆಗೂ ಕೈ ಹಾಕಿದಳು. ದೊಡ್ಡಮ್ಮ ಪಕ್ಕದಲ್ಲಿ ನಿಂತು, ಇನ್ನೂ ಕೆಳಗೆ ಹಾಕು, ಮೇಲಿಂದು ನಂಬಬೇಡ, ಉಗುರಲ್ಲಿ ಗೀರಿ ನೋಡು, ಎಂದು ಹೇಳಿಕೊಟ್ಟಳು. ಹೊತ್ತು ಇಳಿಯುವ ಮುಂಚೆ ಒಂದೇ ಒಂದು ಮೂಟೆ ಆರಿಸಿ ಕೈಗಾಡಿಗೆ ಹೇರಿಸಿದರು. ಗಾಡಿಯವನ ಹಿಂದೆ ಇಬ್ಬರೂ ನಡೆದು ಬರುವಾಗ, ಮೂಟೆಯ ಬಾಯಲ್ಲಿ ಇಣುಕುತ್ತಿದ್ದ ಕೆಂಪು ಬಟ್ಟೆ ಸ್ವೆಟರೋ ಶಾಲೋ ಎಂದು ಚರ್ಚೆ ಶುರುವಾಗಿ, ಅಂಗಡಿ ಮುಟ್ಟುವವರೆಗೂ ಮುಗಿಯಲಿಲ್ಲ.